ಕಾವಿಗೆ ಕೂರದ ಕೋಳಿಗಳು

"ಗುರುಗಳೇ, ನಮ್ಮದು ಏಳು ತಲೆಮಾರಿನಿಂದ ಹೆಸರು ಉಳಿಸಿಕೊಂಡು ಬಂದ ಮನೆತನ. ಈ ಆಶ್ರಮದ ಅಡುಗೆಗೆ ಮೊದಲ ಮೂಟೆ ಅಕ್ಕಿ ಬಂದದ್ದು ನಮ್ಮ ಮುತ್ತಜ್ಜನ ಕಣಜದಿಂದ. ನಮ್ಮ ಅಂಗಳದಲ್ಲಿ ಯಾರೂ ಹಸಿದು ಮಲಗಿಲ್ಲ, ಯಾರೂ ದುಡಿಯದೆ ಉಂಡೂ ಇಲ್ಲ. ಕೆಲಸ ಬಿಟ್ಟು ಕೂತವಳನ್ನು ನಾನು ಹೊರಗೆ ಕಳಿಸಿದ್ದು ತಪ್ಪೇ?"

ಹೀಗೆ ಕೇಳಿದವರು ಶಿಷ್ಯೆ ನಾಗರತ್ನಮ್ಮಣ್ಣಿ. ಆಶ್ರಮದ ಅಡುಗೆಮನೆಯ ಮೇಲ್ವಿಚಾರಣೆ ಅವರದು. ಅಕ್ಕಿ ಆರಿಸುವ ಈರಮ್ಮನನ್ನು ಅಂದು ಬೆಳಿಗ್ಗೆ ಕೆಲಸದಿಂದ ಬಿಡಿಸಿದ್ದರು. ಈರಮ್ಮನದು ಎಳೆ ಮಗು. ಅದು ಅತ್ತಾಗಲೆಲ್ಲ ಅವಳು ಮೊರ ಕೆಳಗಿಟ್ಟು ಹಾಲೂಡಿಸಲು ಕೂರುತ್ತಿದ್ದಳು. "ಕೂಸಿಗೆ ಕುಡಿಸುವುದಕ್ಕೆಲ್ಲ ಆಶ್ರಮ ಸಂಬಳ ಕೊಡುವುದಿಲ್ಲ" ಎಂದು ನಾಗರತ್ನಮ್ಮಣ್ಣಿ ಎಲ್ಲರೆದುರಿಗೆ ಹೇಳಿದ್ದರು. ಈರಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದಳು. ಅವಳಿಗೆ ಅನ್ನಕ್ಕೆ ಬೇರೆ ದಾರಿ ಇರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ತಾತನ ಕಾಲದಿಂದ ಬಂದ ಕೋಳಿಯ ತಳಿಯೊಂದು ಅವನಲ್ಲಿತ್ತು. ನಿನ್ನ ಮನೆತನದ ಹಾಗೆಯೇ, ಅಮ್ಮಣ್ಣಿ, ಹೆಸರುವಾಸಿಯಾದ ತಳಿ. ಬೇರೆಲ್ಲೂ ಅದು ಇರಲಿಲ್ಲ. ರೈತನಿಗೆ ಇದ್ದದ್ದು ಒಂದೇ ಕೊರಗು. ಕೋಳಿಗಳು ಕೆಲವು ಕಾಲ ಮೊಟ್ಟೆಯಿಟ್ಟು, ಆಮೇಲೆ ಕಾವಿಗೆ ಕೂರುತ್ತಿದ್ದವು. ಕೂತ ಕೋಳಿ ಮೂರು ವಾರ ಸರಿಯಾಗಿ ಮೇಯದು, ಮೊಟ್ಟೆಯಂತೂ ಇಡದು. ಎದೆಯ ಪುಕ್ಕ ಉದುರಿಸಿಕೊಂಡು, ಬರಿಮೈಯನ್ನು ಮೊಟ್ಟೆಗೆ ತಾಗಿಸಿ, ಕೊಕ್ಕಿನಿಂದ ಅವನ್ನು ಹೊರಳಿಸುತ್ತ ಕೂತಿರುತ್ತಿತ್ತು. ಮರಿಯಾದ ಮೇಲೆ ಅವುಗಳ ಹಿಂದೆ ತಿರುಗುವುದೇ ಅದಕ್ಕೆ ಕೆಲಸ.

"ಕಾಳು ನನ್ನದು, ಸೋಮಾರಿತನ ಇದರದು" ಎಂದು ರೈತ ಕಾವಿಗೆ ಕೂತ ಕೋಳಿಗಳನ್ನು ತಣ್ಣೀರಿನಲ್ಲಿ ಅದ್ದಿದ. ಅದಕ್ಕೂ ಬಗ್ಗದವನ್ನು ಸಂತೆಯಲ್ಲಿ ಮಾರಿದ. ಕೂರದ ಕೋಳಿಗಳ ಮೊಟ್ಟೆಯನ್ನಷ್ಟೇ ಆರಿಸಿ, ಕಾವಿಗೆ ಕೂರುವವುಗಳಲ್ಲಿ ಉಳಿದಿದ್ದ ಒಂದು ಮುದಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದ. ಆ ಮರಿಗಳು ಬೆಳೆದು ಬಿಡುವಿಲ್ಲದೆ ಮೊಟ್ಟೆಯಿಟ್ಟವು. ಒಂದೂ ಕಾವಿಗೆ ಕೂರಲಿಲ್ಲ. ಕೊನೆಗೆ ನೆಂಟರು ಬಂದಾಗ ರೈತ ಮುದಿ ಹೇಂಟೆಗೂ ಕೈ ಹಾಕಿದ.

"ಅದೊಂದನ್ನು ಬಿಡಿ. ಇನ್ನು ಮರಿ ಮಾಡುವವರು ಯಾರು?" ಎಂದು ಹೆಂಡತಿ ತಡೆದಳು.

"ಮೊಟ್ಟೆ ಬುಟ್ಟಿಗಟ್ಟಲೆ ಇರುವಾಗ ಮರಿಗೇನು ಬರ?" ಎಂದು ಅವನು ಹೇಂಟೆಯ ಕತ್ತು ಕುಯ್ದ.

ಮರುವರ್ಷ ಕೊಕ್ಕರೆ ರೋಗ ಬಂತು. ಕೋಳಿಗಳು ಕತ್ತು ತಿರುಚಿಕೊಂಡು ಸಾಲುಸಾಲಾಗಿ ಬಿದ್ದವು. ಒಂದು ಹುಂಜ, ನಾಲ್ಕಾರು ಹೇಂಟೆ ಉಳಿದವು. ರೈತ ಬುಟ್ಟಿಯಲ್ಲಿ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಒಂದು ಹೇಂಟೆಯನ್ನು ಕೂರಿಸಿದ. ಅದು ಎದ್ದು ಹೋಯಿತು. ಇನ್ನೊಂದನ್ನು ಕೂರಿಸಿ ಮೇಲೆ ಕುಕ್ಕೆ ಮುಚ್ಚಿದ. ಅದು ಮೊಟ್ಟೆಗಳನ್ನು ತುಳಿದು ಒಡೆಯಿತು. ಸುತ್ತಲ ಊರುಗಳಿಗೆ ಕಾವಿನ ಕೋಳಿ ಕೇಳಲು ಹೋದ. ರೋಗ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು.

ಕೊನೆಗೆ ರೈತ ತಾನೇ ಕೂತ. ಮೊಟ್ಟೆಗಳನ್ನು ಮಡಿಲಲ್ಲಿಟ್ಟು, ಕಂಬಳಿ ಹೊದ್ದು, ಒಲೆಯ ಪಕ್ಕ ಕೂತ. ಹೊಲ ಬೀಳುಬಿತ್ತು.

ಹೆಂಡತಿ ಗಂಜಿ ತಂದಿಟ್ಟು ಕೇಳಿದಳು: "ಕಾಳು ಖರ್ಚು, ಕೆಲಸ ಇಲ್ಲ, ಮೊಟ್ಟೆಯಂತೂ ಇಲ್ಲವೇ ಇಲ್ಲ. ನಿಮ್ಮನ್ನೂ ತಣ್ಣೀರಿನಲ್ಲಿ ಅದ್ದಲೇ?"

ಅವನು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ. ಒಂದು ಮಧ್ಯಾಹ್ನ ಅವನಿಗೆ ಜೊಂಪು ಹತ್ತಿತು. ಕಂಬಳಿ ಜಾರಿತು, ಒಲೆ ಆರಿತು. ಅವಧಿ ಕಳೆದರೂ ಮರಿ ಹೊರಬರಲಿಲ್ಲ. ಒಂದು ಮೊಟ್ಟೆ ಒಡೆದು ನೋಡಿದ. ಒಳಗೆ ಮರಿಯಿತ್ತು. ಕೊಕ್ಕು ಮೂಡಿತ್ತು, ಪುಕ್ಕ ಮೂಡಿತ್ತು, ಉಸಿರಿರಲಿಲ್ಲ. ಉಳಿದವೂ ಹಾಗೆಯೇ. ಹೇಂಟೆಗಳು ಮುದಿಯಾಗುವವರೆಗೂ ಮೊಟ್ಟೆಯಿಟ್ಟವು, ಆಮೇಲೆ ಒಂದೊಂದಾಗಿ ಸತ್ತವು. ಆ ತಳಿ ಈಗ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯಲ್ಲಿ ಈರಮ್ಮ ಕೆಳಗಿಟ್ಟು ಹೋದ ಮೊರ ಇನ್ನೂ ಅಲ್ಲೇ ಇದೆ ಎಂಬುದು ನಾಗರತ್ನಮ್ಮಣ್ಣಿಗೆ ನೆನಪಾಯಿತು. ಅವರು ಸೆರಗು ಸರಿಪಡಿಸಿಕೊಂಡರು.

"ಆಳಿನ ಕೈಯಲ್ಲಿ ಅವಳ ಮನೆಗೆ ಒಂದು ಮೂಟೆ ಅಕ್ಕಿ ಕಳಿಸುತ್ತೇನೆ, ಗುರುಗಳೇ."

"ಅಕ್ಕಿ ಆಮೇಲೆ, ಈಗ ನೀನೇ ಹೋಗಿ, ಎಲ್ಲರೆದುರಿಗೆ ಅವಳ ಕ್ಷಮೆ ಕೇಳು."