ಕತೆಯಾಟದ ವೀರ, ಮೇನೆ ಹೊರುವ ಕೆಂಚ

"ಕೇಳ್ರಪ್ಪೋ ಕೇಳಿ! ಅರಮನೆಯ ಕತೆಯಾಟದಲ್ಲಿ ಜಗಳ ಎದ್ದಿದೆ. ಕೋಟೆಗೋಡೆಯಿಂದ ಹಾರಿದ ವೀರ ಬದುಕುತ್ತಾನೋ ಸಾಯುತ್ತಾನೋ ನೋಡಲು ನಾಳೆ ಮೇನೆ ಹೊರುವ ಕೆಂಚನನ್ನು ಅಲ್ಲಿಂದ ಹಾರಿಸಲಾಗುವುದು. ಅದಕ್ಕೆ ಮೊದಲು ಯಾರಾದರೂ ಅರಸುಕುವರಿ ಮಲ್ಲಲದೇವಿಯವರ ಮೂರು ಒಗಟು ಬಿಡಿಸಿದರೆ ಬಿಡಿಸಿದವರ ಮಾತಿನಂತೆ ಜಗಳ ತೀರುವುದು, ಅವರು ಕೇಳಿದ್ದು ಸಿಗುವುದು. ತಪ್ಪು ಹೇಳಿದವರ ತಲೆ ಹೋಗುವುದು!"

ಕರಿಗಲ್ಲೂರಿನ ಬೀದಿಬೀದಿಯಲ್ಲಿ ಡಂಗುರ ಹೀಗೆ ಸಾರಿತು. ಇದು ಅನ್ಯಾಯ ಎಂದು ಒಬ್ಬನೂ ಬಾಯಿ ಬಿಡಲಿಲ್ಲ.

ಕತೆಯಾಟವೆಂದರೆ ಇಷ್ಟೆ. ಒಬ್ಬರು ಕತೆ ನಡೆಸುತ್ತಾರೆ. ಸುತ್ತ ಕೂತವರು ಒಬ್ಬೊಬ್ಬ ವೀರನಾಗಿ, ತಮ್ಮ ವೀರ ಈಗ ಏನು ಮಾಡುತ್ತಾನೆಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಕವಡೆ ತೀರ್ಮಾನಿಸುತ್ತದೆ. ಅರಮನೆಯ ಆಟಗಾರರಲ್ಲಿ ಜಗದೇವನಾಯಕನಿಗೆ ಮೆರೆಯುವ ಆಟ ಬೇಕು: ವೀರ ಉರಿಯುವ ಹಗ್ಗ ಹಿಡಿದು ತೂಗಬೇಕು, ಒಂದೇ ಏಟಿಗೆ ದಂಡು ಕೆಡವಬೇಕು. ಬಿಟ್ಟರಸನಿಗೆ ದಿಟದ ಆಟ ಬೇಕು: ವೀರನಿಗೆ ಬಾಯಾರಬೇಕು, ಗಾಯ ಕೀವಾಗಬೇಕು, ಬಿದ್ದರೆ ಮೂಳೆ ಮುರಿಯಬೇಕು. ಇಬ್ಬರೂ ಮೆತ್ತೆಯ ಮೇಲೆ ಕೂತೇ ಜಗಳ ಆಡಿದರು. ಹಾರಬೇಕಾದವನು ಮಾತ್ರ ಹೊರಗೆ ನಿಂತಿದ್ದ ಕೆಂಚ.

ಕೆಂಚನ ತಮ್ಮ ಸೊಣ್ಣನೂ ಮೇನೆ ಹೊರುವವನೇ. ಅವನು ಹೆಗಲ ಮೇಲಿನ ಸಿಂಬಿಬಟ್ಟೆಯನ್ನೂ ತೆಗೆಯದೆ ಒಡ್ಡೋಲಗಕ್ಕೆ ನುಗ್ಗಿದ. ಒಳಗಿನ ಕಂಬಗಳ ಎತ್ತರ, ದೀಪಗಳ ಹೊಳಪು, ಹಾಸುಗಲ್ಲಿನಷ್ಟು ದೊಡ್ಡ ಆಟದ ಮಣೆ ಕಂಡರೂ ಅವನು ನಿಲ್ಲದೆ ಮುಂದೆ ಬಂದ.

ಮಲ್ಲಲದೇವಿ ಮೊದಲ ಒಗಟು ಹೇಳಿದಳು. "ವೀರ ಒಬ್ಬನೇ, ಗೋಡೆ ಒಂದೇ, ಕವಡೆ ಬಿದ್ದದ್ದೂ ಒಂದೇ ಥರ. ಒಂದು ಮನೆಯ ಆಟದಲ್ಲಿ ಅವನ ಕಾಲು ಮುರಿಯಿತು. ಇನ್ನೊಂದು ಮನೆಯ ಆಟದಲ್ಲಿ ಅವನು ಓಡುವ ಕುದುರೆಯ ಮೇಲೆ ಬಿದ್ದು ಪಾರಾದ. ಎರಡು ಕಡೆಯೂ ಮೋಸವಿಲ್ಲ. ಬೇರೆಯಾಗಿದ್ದದ್ದು ಏನು?"

"ವೀರನ ಎದೆಗಾರಿಕೆ!" ಎಂದ ಜಗದೇವ.

"ಅಲ್ಲ." ಕಾವಲಿನವರು ಅವನ ತೋಳು ಹಿಡಿದರು.

"ಗಾಳಿ ಬೀಸಿದ ದಿಕ್ಕು, ಮೈತೂಕ..." ಎಂದ ಬಿಟ್ಟರಸ. ಅವನನ್ನೂ ಹಿಡಿದರು.

"ನಾನು ಹೇಳ್ತೀನಿ ತಾಯಿ," ಎಂದ ಸೊಣ್ಣ.

ಬಿಟ್ಟರಸ ಆ ಸ್ಥಿತಿಯಲ್ಲೂ ನಕ್ಕ. "ಲೋ, ಮೇನೆ ಇಳಿಸಿದ್ಯಾ, ಇಲ್ಲ ತಲೆ ಮೇಲೇ ಇದ್ಯಾ?"

"ನಿಮ್ಮನ್ನ ಇಳಿಸಿದ್ಮೇಲೇ, ಬುದ್ಧಿ, ತಲೆ ಹಗುರಾಗಿದ್ದು." ಸೊಣ್ಣ ಅರಸುಕುವರಿಯ ಕಡೆ ತಿರುಗಿದ. "ನೀವು ಒಳಗೆ ಆಡುವಾಗ ನಾವು ಅಂಗಳದಲ್ಲಿ ಹುಣಸೆಬೀಜ ಹಾಕ್ಕೊಂಡು ಇದೇ ಆಟ ಆಡ್ತೀವಿ. ಬೀಜ ಎಸೆಯೋ ಮೊದಲು ಎಲ್ಲರೂ ನೆಲ ಮುಟ್ಟಿ ಹೇಳ್ತೀವಿ, ಇವತ್ತು ಹಾರೋ ಆಟ, ಇಲ್ಲಾ ಇವತ್ತು ನೋಯೋ ಆಟ ಅಂತ. ಬೇರೆಯಾಗಿದ್ದದ್ದು ಕೂತವರ ಒಪ್ಪಿಗೆ, ತಾಯಿ. ನಿಮ್ಮಲ್ಲಿ ಅದನ್ನ ಯಾರೂ ಕೇಳಲೇ ಇಲ್ಲ."

ಮಲ್ಲಲದೇವಿ ಕೈಯಲ್ಲಿದ್ದ ಕವಡೆಗಳನ್ನು ಮಣೆಯ ಮೇಲೆ ಇಟ್ಟಳು.

"ಸರಿ. ಎರಡನೆಯದು. ಅದು ಜೊತೆಗಿದ್ದರೆ ಎಂಥ ಸುಳ್ಳನ್ನೂ ಉಸಿರು ಹಿಡಿದು ಕೇಳುತ್ತೇವೆ. ಅದಿಲ್ಲದಿದ್ದರೆ ದಿಟವೂ ಸಪ್ಪೆ. ಏನದು?"

"ಅಳುಕು. ಸೋತೇನು ಅನ್ನೋ ಅಳುಕು. ಅದಿದ್ರೆ ಹಾರೋನಿಗೂ ಎದೆ ಹೊಡ್ಕೊಳ್ಳುತ್ತೆ, ಕುಂಟೋನಿಗೂ ಹೊಡ್ಕೊಳ್ಳುತ್ತೆ. ಅದನ್ನ ತೆಗೆದ್ರೆ ನಾಯಕರ ವೀರ ಬರೀ ಗೊಂಬೆ, ಬಿಟ್ಟರಸರ ವೀರ ಬರೀ ಲೆಕ್ಕ."

ಬೀಸಣಿಗೆ ಬೀಸುತ್ತಿದ್ದವರೂ ಕೈ ನಿಲ್ಲಿಸಿ, ಕಾಲು ಧೂಳಾಗಿದ್ದ ಆ ಹುಡುಗನನ್ನೇ ನೋಡುತ್ತಿದ್ದರು.

"ಮೂರನೆಯದು," ಎಂದಳು ಮಲ್ಲಲದೇವಿ, ದನಿ ತಗ್ಗಿಸಿ. "ಆಟದಲ್ಲಿ ಅದು ನೂರು ಸಲ ಬಂದರೂ ಎಲ್ಲರೂ ಎದ್ದು ಊಟಕ್ಕೆ ಹೋಗುತ್ತಾರೆ. ಆಟದ ಹೊರಗೆ ಒಂದೇ ಸಲ ಬರುತ್ತದೆ."

"ಸಾವು." ಸೊಣ್ಣನ ಕಣ್ಣು ಕೆಂಪಾಗಿತ್ತು. "ಒಗಟು ಕಟ್ಟಿದವರು ನೀವೇ, ತಾಯಿ. ಉತ್ತರ ಗೊತ್ತಿದ್ದೂ ನಮ್ಮಣ್ಣನ್ನ ಗೋಡೆ ಹತ್ತಿಸ್ತೀರಲ್ಲ! ಅವನು ಸತ್ರೆ ಆಟಕ್ಕೆ ಏನು ದಿಟ ಸಿಕ್ಕಂಗಾಯ್ತು? ಬದುಕಿದ್ರೆ ಯಾರು ಮೆರೆದಂಗಾಯ್ತು? ಆಟದಲ್ಲಿ ವೀರ ಹೆಂಗೆ ಬೀಳ್ಬೇಕು ಅಂತ ಆಡೋರು ಮಾತಾಡಿ ಒಪ್ಕೊಳ್ಳಿ. ಅದನ್ನ ನಮ್ಮ ಮೈಮೇಲೆ ನೋಡಬೇಡಿ."

ಮಲ್ಲಲದೇವಿ ಪೀಠದಿಂದ ಎದ್ದು ಕೆಳಗಿಳಿದಳು. ಹೊರಗೆ ಕಟ್ಟಿ ನಿಲ್ಲಿಸಿದ್ದ ಕೆಂಚನನ್ನು ಕರೆಸಿ ಕಟ್ಟು ಬಿಚ್ಚಿಸಿದಳು. "ಮೂರೂ ಸರಿ. ಉತ್ತರ ನನಗೆ ಗೊತ್ತಿತ್ತು, ಅದರ ಅರ್ಥ ತಿಳಿದಿರಲಿಲ್ಲ. ಇನ್ನು ಈ ಮಣೆಯ ಮೇಲೆ ಕತೆ ನಡೆಸುವವನು ನೀನೇ. ಮೊದಲು ಎಲ್ಲರ ಒಪ್ಪಿಗೆ ಕೇಳು, ಆಮೇಲೆ ಕವಡೆ ಹಾಕು. ಇನ್ನೇನು ಬೇಕು?"

ಸೊಣ್ಣ ಕಾವಲಿನವರ ಕೈಯಲ್ಲಿದ್ದ ಇಬ್ಬರನ್ನೂ ನೋಡಿದ. "ಇವರ ತಲೆ ಬಿಟ್ಬಿಡಿ, ತಾಯಿ. ಅಂಗಳದಲ್ಲಿ ನಿಂತಿರೋ ನಮ್ಮೋರನ್ನೆಲ್ಲ ಒಳಗೆ ಕರೆದು ಮಣೆಗೆ ಕೂರಿಸಿ. ಒಪ್ಪಿಗೆ ಕೇಳೋದಾದ್ರೆ ಅವರನ್ನೂ ಕೇಳಬೇಕು."

ಹಾಗೇ ಆಯಿತು. ಕೆಂಚ ಮೆತ್ತೆಯ ಮೇಲೆ ಕಾಲು ಚಾಚಿ ಕೂತ. ಆಟ ಶುರುವಾಯಿತು, ನಡುವೆ ಯಾರಿಗೂ ಏಳುವ ಮನಸ್ಸಾಗಲಿಲ್ಲ. ಮೇನೆ ಹೊರುವವರು ಸಿಗದೆ ಜಗದೇವನಾಯಕನೂ ಬಿಟ್ಟರಸನೂ ಕರಿಗಲ್ಲೂರಿನ ಬೀದಿಯಲ್ಲಿ ಮೊದಲ ಸಲ ನಡೆದು ಮನೆ ಸೇರಿದರು.