ಹನ್ನೊಂದನೆಯ ಖೈದಿಯ ಹೆಸರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಆರನೇ ಕ್ಲಾಸಿನ ಲೆಕ್ಕದ ಪರೀಕ್ಷೆ ಅವತ್ತು. ಶಾಲೆಯ ಗೇಟಿನ ಮುಂದೆ ಹಾದು ಹೋದವನು ಮತ್ತೆ ಯಾವ ಕ್ಲಾಸಿನಲ್ಲೂ ಕೂರಲಿಲ್ಲ. ಆಮೇಲೆ ಬೈಂಡಿಂಗ್ ಕೆಲಸ ಕಲಿತೆ. ಊರೂರು ತಿರುಗಿ ಪುಸ್ತಕ ಹೊಲಿದಿದ್ದೇನೆ. ಓದಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಇದು ನೀಲಕಂಠಯ್ಯ ಮೇಷ್ಟ್ರ ಬಾಯಲ್ಲಿ ಕೇಳಿದ್ದು.

ಮೇಷ್ಟ್ರು ಮೂವತ್ತು ವರ್ಷ ಸೆರೆಮನೆಯಲ್ಲಿ ಖೈದಿಗಳಿಗೆ ಅಕ್ಷರ ಕಲಿಸಿದವರು. ನಿವೃತ್ತರಾದ ಮೇಲೂ ಅವರ ಜಗಲಿಗೆ ಪ್ರಶ್ನೆ ಹಿಡಿದು ಬರುವವರು ಇದ್ದೇ ಇದ್ದರು. ಅವರ ಹಳೆಯ ಪುಸ್ತಕಗಳಿಗೆ ರಟ್ಟು ಹಾಕುತ್ತ ನಾನು ಎರಡು ತಿಂಗಳು ಅಲ್ಲಿದ್ದೆ. ಕೊನೆಯ ಪುಸ್ತಕ ಹೊಲಿಯುತ್ತಿದ್ದಾಗ ತನುಜಾ ಬಂದಳು. ಚಿಕ್ಕಂದಿನಲ್ಲಿ ಅದೇ ಜಗಲಿಯ ಮೇಲೆ ಅವಳಿಗೆ ಅಕ್ಷರ ತಿದ್ದಿಸಿದವರು ಮೇಷ್ಟ್ರೇ. ಈಗ ಅವಳು ಅಪರಾಧ ಮತ್ತು ನ್ಯಾಯದ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು.

"ಮೇಷ್ಟ್ರೇ, ಒಂದು ಸಂಶೋಧನಾ ಪ್ರಬಂಧ ಪೂರ್ತಿಯಾಯಿತು ಅಂತ ಯಾವಾಗ ಹೇಳಬಹುದು?" ಎಂದು ಕೇಳಿದಳು. ಕೇಳಿ, ವಿಶ್ವವಿದ್ಯಾಲಯ ಕೊಟ್ಟಿದ್ದ ನಿಯಮಗಳ ಹಾಳೆಗಳನ್ನು ಅವರ ಮುಂದಿಟ್ಟಳು.

ಮೇಷ್ಟ್ರು ಹಾಳೆ ಮಗುಚಿದರು, ಮತ್ತೆ ಮಗುಚಿದರು.

"ಮದುವೆ ಸಾಮಾನಿನ ಪಟ್ಟಿಯೂ ಇದಕ್ಕಿಂತ ಗಿಡ್ಡ ಇರುತ್ತದಲ್ಲಮ್ಮ!"

"ನಗಬೇಡಿ ಮೇಷ್ಟ್ರೇ. ಎರಡು ಪ್ರಬಂಧ ಅಚ್ಚಾಗದೆ ಥೀಸಿಸ್ ತೆಗೆದುಕೊಳ್ಳುವುದಿಲ್ಲ. ಎರಡನೆಯದನ್ನು ಕಳಿಸಲು ಇನ್ನು ಒಂಬತ್ತು ದಿನ. ಕೇಳಿದ್ದೆಲ್ಲ ಮಾಡಿದ್ದೇನೆ. ಸೆರೆಮನೆಯಲ್ಲಿ ನಾನು ಮಾತಾಡಿಸಿದವರ ಹೆಸರಿನ ಪಟ್ಟಿ ಸುಡುವುದೊಂದು ಬಾಕಿ." ಮಡಿಸಿದ ಕಾಗದವೊಂದು ಅವಳ ಕೈಯಲ್ಲಿತ್ತು. "ಅದರಲ್ಲಿ ಒಬ್ಬ ಹೆಂಗಸು, ಶಿಕ್ಷೆ ಮುಗಿದರೂ ಬಿಟ್ಟಿಲ್ಲ ಅಂದಳು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಆದರೆ ಅವಳ ಮಾತು ಪ್ರಬಂಧದಲ್ಲಿ ಇದೆಯಲ್ಲ, ನನ್ನ ಕೆಲಸ ಅಷ್ಟೇ ತಾನೇ?"

"ಕೂತ್ಕೋ" ಎಂದರು ಮೇಷ್ಟ್ರು. ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿ ಇದ್ದ. ಅವನಿಗೂ ನಿಯಮಗಳ ಪಟ್ಟಿ ಇತ್ತು. ಸಂಗತಿ ಹೊಸದಿರಬೇಕು. ಇಬ್ಬರು ಪಂಡಿತರು ಓದಿ ಒಪ್ಪಬೇಕು. ಖೈದಿಗಳ ಹೆಸರು ಎಲ್ಲೂ ಬರಬಾರದು, ಹೆಸರಿದ್ದಲ್ಲಿ ಸಂಖ್ಯೆ ಹಾಕಬೇಕು. ಕೊನೆಗೆ ಹೆಸರಿನ ಪಟ್ಟಿಯನ್ನು ಸುಡಬೇಕು. ಆಡಿದ ಮಾತು ಆಡಿದವನಿಗೇ ಮುಳುವಾಗಬಾರದೆಂದು ಮಾಡಿದ ನಿಯಮ ಅದು. ಒಳ್ಳೆಯ ನಿಯಮವೇ.

ಅವನು ಸೆರೆಮನೆಯೊಂದಕ್ಕೆ ಹೋಗಿ ನಲವತ್ತು ಜನರನ್ನು ಮಾತಾಡಿಸಿದ. ಹನ್ನೊಂದನೆಯವನು ಹೇಳಿದ: "ನನಗೆ ಜಾಮೀನು ಸಿಕ್ಕಿ ಹದಿಮೂರು ತಿಂಗಳಾಯಿತು ಸ್ವಾಮಿ. ಕೋರ್ಟಿನಲ್ಲಿ ಹೇಳಿದ್ದನ್ನು ನನ್ನ ತಂಗಿ ಕಿವಿಯಾರೆ ಕೇಳಿದ್ದಾಳೆ. ಕಾಗದ ಮಾತ್ರ ಈ ಬಾಗಿಲಿಗೆ ಬಂದಿಲ್ಲ. ಬರೆದುಕೊಳ್ಳಿ."

ವಿದ್ಯಾರ್ಥಿ ಬರೆದುಕೊಂಡ. ಒಂದು ಅಕ್ಷರ ಬಿಡಲಿಲ್ಲ. ಇಂಥ ಸಂಗತಿ ಬೇರೆ ಯಾರ ಪ್ರಬಂಧದಲ್ಲೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಕೈ ಓಡುತ್ತಿತ್ತು. ತಲೆ ಎತ್ತಲಿಲ್ಲ.

ಪ್ರಬಂಧಕ್ಕೆ ಅದೇ ಜೀವವಾಯಿತು. ಒಬ್ಬ ಪಂಡಿತರು ಸಂಗತಿ ಹೊಸದು ಎಂದು ಮೆಚ್ಚಿದರು. ಇನ್ನೊಬ್ಬರು ಉಲ್ಲೇಖಗಳ ಕ್ರಮ ಸರಿಪಡಿಸಿ ಎಂದರು. ಅವನು ಸರಿಪಡಿಸಿದ. ಆ ಖೈದಿ ಹೊರಗೆ ಬಂದನೇ ಎಂದು ಇಬ್ಬರೂ ಕೇಳಲಿಲ್ಲ. ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಪ್ರಬಂಧ ಅಚ್ಚಾಯಿತು. ಹಾಸ್ಟೆಲಿನ ಹಿತ್ತಲಲ್ಲಿ ನಿಂತು ಅವನು ಹೆಸರುಗಳನ್ನು ಸುಟ್ಟ. ಪದವಿ ಬಂತು, ಕೆಲಸವೂ ಸಿಕ್ಕಿತು.

ಎರಡು ವರ್ಷದ ಮೇಲೆ ಒಬ್ಬ ನ್ಯಾಯಾಧೀಶೆಯ ಕೈಗೆ ಆ ಪ್ರಬಂಧ ಬಂತು. ಅವರು ಅವನನ್ನು ಕರೆಸಿದರು.

"ಈ ಹನ್ನೊಂದನೆಯವನು ಯಾರು? ಕಡತ ತೆಗೆಸಿ ಇವತ್ತೇ ಬಿಡಿಸುತ್ತೇನೆ."

"ಪಟ್ಟಿ ಸುಟ್ಟಿದ್ದೇನೆ ಮೇಡಂ. ನಿಯಮ ಹಾಗಿದೆ."

"ಹೆಸರಿಲ್ಲದೆ ಯಾವ ಕಡತ ತೆಗೆಸಲಿ? ಹೋಗಲಿ, ಮುಖ ನೆನಪಿದೆಯೇ?"

ಅವನು ಎದ್ದು ಹೊರಟ. ನೇರ ಸೆರೆಮನೆಗೆ ಹೋದ. ಅಂಗಳದಲ್ಲಿ ನಿಂತು ಹನ್ನೊಂದನೆಯವರು ಯಾರು ಎಂದು ಕೂಗಿದ. ಯಾರೂ ಮುಂದೆ ಬರಲಿಲ್ಲ. ತನಗೆ ಇಂಥ ಸಂಖ್ಯೆ ಎಂದು ಯಾರಿಗೂ ಗೊತ್ತಿರಲಿಲ್ಲ. ಜಾಮೀನು ಸಿಕ್ಕೂ ಕಾಗದ ಬಾರದವರು ಯಾರು ಎಂದು ಕೇಳಿದ. ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಒಬ್ಬ ಮುದಿ ಖೈದಿ ಕೈ ಒರೆಸಿಕೊಳ್ಳುತ್ತ ಬಂದ.

"ಅಂಥವನೊಬ್ಬ ಇದ್ದ ಸ್ವಾಮಿ. ಬೇರೆ ಬ್ಯಾರಕ್ಕಿನವನು. ಇಲ್ಲಿಗೆ ಯಾರು ಬಂದರೂ, ನನ್ನ ಕಾಗದ ಬಂತಾ ಅಂತ ಕೇಳುತ್ತಿದ್ದ. ಸುಣ್ಣ ಬಳಿಯುವವನನ್ನೂ ಬಿಡುತ್ತಿರಲಿಲ್ಲ. ನಾವು ಕಾಗದದಣ್ಣ ಅಂತಲೇ ಕರೆದು ನಗುತ್ತಿದ್ದೆವು. ಆಮೇಲೆ ಯಾರೋ ದೊಡ್ಡ ಓದಿನವರು ಬಂದು ಅವನು ಹೇಳಿದ್ದೆಲ್ಲ ಬರೆದುಕೊಂಡು ಹೋದರು. ಅವತ್ತಿನಿಂದ ಕೇಳುವುದನ್ನೇ ಬಿಟ್ಟ. ಯಾಕೋ ಅಂದರೆ, ಬರೆದುಕೊಂಡು ಹೋಗಿದ್ದಾರಲ್ಲಣ್ಣ, ಇನ್ನು ಕೇಳಿದರೆ ಚೆನ್ನಾಗಿರಲ್ಲ ಅಂದ."

"ಈಗೆಲ್ಲಿದ್ದಾನೆ?"

"ಇಲ್ಲಿ ಜಾಗ ಸಾಲದೆ ಹೋದ ವರ್ಷ ಇನ್ನೂರು ಜನರನ್ನು ನಾಲ್ಕು ದಿಕ್ಕಿಗೆ ಸಾಗಿಸಿದರು. ಅವರ ಜೊತೆ ಹೋದ. ಅವನ ಸರಿಯಾದ ಹೆಸರು ಹೇಳಿ ಸ್ವಾಮಿ, ಆಫೀಸಿನ ಪುಸ್ತಕದಲ್ಲಿ ಹುಡುಕಿಸೋಣ."

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ನನ್ನ ಸೂಜಿಯೂ ನಿಂತಿತ್ತು.

"ಆಮೇಲೆ ಎಲ್ಲಿ ಸಿಕ್ಕ ಮೇಷ್ಟ್ರೇ ಅವನು?" ಎಂದಳು ತನುಜಾ.

"ಪ್ರಬಂಧದಲ್ಲಿ ಇದ್ದಾನಲ್ಲಮ್ಮ, ಹದಿನಾಲ್ಕನೆಯ ಪುಟದಲ್ಲಿ."

ಅವಳು ಕೈಯಲ್ಲಿದ್ದ ಕಾಗದ ಬಿಡಿಸಿದಳು. ಬೆರಳು ಹೆಸರಿನಿಂದ ಹೆಸರಿಗೆ ಇಳಿಯುತ್ತ ಬಂದು ಒಂದರ ಮೇಲೆ ನಿಂತಿತು.

ನಾನು ಗಂಟು ಹಾಕಿ ದಾರ ಕತ್ತರಿಸಿದೆ. ಸೂಜಿ, ದಬ್ಬಣ, ಮೇಣದ ತುಂಡು ಚೀಲಕ್ಕೆ ಹೋದವು. "ಇನ್ನೆರಡು ದಿನ ಇರಬಾರದೇನಯ್ಯಾ?" ಎಂದರು ಮೇಷ್ಟ್ರು. ಇರಬಹುದಾಗಿತ್ತು. ನಾನು ಚಾದರ ಮಡಚತೊಡಗಿದೆ.