ಎರಡನೇ ಹಾಸಿಗೆಯ ಟಿಕೆಟ್

ತೀರಿಹೋದ ಹೆಂಡತಿ ನೀಲಮ್ಮ ಆಸೆಪಟ್ಟಿದ್ದ ಹಡಗಿನ ಪ್ರವಾಸಕ್ಕೆ ಒಬ್ಬನೇ ಆದರೂ ಹೋಗಿಬರಬೇಕೆಂದು, ನಿವೃತ್ತ ಬಸ್ ಕಂಡಕ್ಟರ್ ಕರಿಬಸಪ್ಪ ಸಿಂಗಾಪುರದ ಏಜೆಂಟನಿಗೆ ಫೋನ್ ಮಾಡಿದ. ಏಜೆಂಟ್ ಕನ್ನಡದವನೇ. ಗತ್ತು ಮಾತ್ರ ಬಹಳ.

"ಕೋಣೆ ಇಬ್ಬರದು ಯಜಮಾನ್ರೇ. ಒಬ್ಬರೇ ಬಂದರೂ ಇಬ್ಬರ ದುಡ್ಡು ಕೊಡಬೇಕು. ಅದು ರೂಲು."

ಕರಿಬಸಪ್ಪನ ಹತ್ತಿರ ಇದ್ದದ್ದು ಒಬ್ಬರ ದುಡ್ಡು.

"ಆಗಲಿ ಸಾರ್. ಎರಡನೇ ಟಿಕೆಟ್ ನನ್ನ ಹೆಂಡತಿ ಹೆಸರಿಗೆ ಬರೀರಿ. ತೀರಿಕೊಂಡು ವರ್ಷ ಆಯ್ತು."

"ಸತ್ತವರಿಗೆ ಹೆಂಗ್ರೀ ಟಿಕೆಟ್ ಕೊಡೋದು?"

"ನಾನೂ ಮೂವತ್ತು ವರ್ಷ ಟಿಕೆಟ್ ಹರಿದವನು. ಟಿಕೆಟ್ ಕೊಡದೆ ದುಡ್ಡು ಇಸ್ಕೊಂಡರೆ ಸಸ್ಪೆಂಡ್ ಮಾಡ್ತಿದ್ರು. ನಿಮ್ಮ ಹಡಗಿನ ಚೆಕಿಂಗ್‌ನವರ ನಂಬರ್ ಕೊಡಿ."

ಏಜೆಂಟ್ ಕೆಮ್ಮಿದ. "ಬಿಡಿ, ಒಬ್ಬರದೇ ಹಾಕ್ತೀನಿ."

ಕರಿಬಸಪ್ಪ ಫೋನಿಟ್ಟ. ಏಜೆಂಟ್ 'ನಿಮ್ಮ ಹೆಂಡತಿಯನ್ನೂ ಕರ್ಕೊಂಡು ಬನ್ನಿ' ಅಂದಿದ್ದರೆ, ಮನೆ ಮಾರಿಯಾದರೂ ಇಬ್ಬರದು ಕೊಡ್ತಿದ್ದೆ ಅನ್ನಿಸಿತು.